ಕಣ್ಣು ಹೊರಳಿದರೂ ಎದುರಿನ ದೃಶ್ಯ ಯಾಕೆ ಅಲುಗಾಡೋದಿಲ್ಲ?

ಓದುಗರ ಪ್ರಶ್ನೆ: ಲಾಲ್‌ಬಾಗ್‌ನಲ್ಲಿ ಮೊಬೈಲ್ ಅತ್ತಿತ್ತ ತಿರುಗಿಸುತ್ತಾ ವಿಡಿಯೋ ಮಾಡಿದರೆ ಎಲ್ಲ ಕಲಸಿಹೋಗುತ್ತದೆ. ಕಣ್ಣನ್ನೂ ಹಾಗೇ ತಿರುಗಿಸುತ್ತೇವೆ. ಆದರೂ ಗಾಜಿನ ಮನೆ ಇದ್ದಲ್ಲೇ ಇರುತ್ತದಲ್ಲ, ಹೇಗೆ?

ಉತ್ತರ: ಕಣ್ಣು ಹೊರಳುವ ವಿಷಯ ಮಿದುಳಿಗೆ ಮೊದಲೇ ಗೊತ್ತಿರುತ್ತದೆ. ಅಪ್ಪಣೆ ಕೊಡೋದೇ ಅದು ಅಲ್ವಾ? ಕಣ್ಣಿನ ಸ್ನಾಯುಗಳಿಗೆ ಹೋಗುವ ಅಪ್ಪಣೆಯ ಒಂದು ನಕಲು, ನೋಟವನ್ನು ಸಂಭಾಳಿಸುವ ಭಾಗಗಳಿಗೂ ಹೋಗುತ್ತದೆ. ಹಾಗಾಗಿ ಸರಿದದ್ದು ಕಣ್ಣು, ಎದುರಿನ ದೃಶ್ಯ ಅಲ್ಲ ಅಂತ ಅವಕ್ಕೆ ತಿಳಿಯುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇಂಥ ಏರ್ಪಾಡು ಇರಬೇಕು ಅಂದಿದ್ದರು. ನೀವೇ ನೋಡಿ. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರತುದಿಯನ್ನು ರೆಪ್ಪೆಯ ಮೇಲಿಂದ ಬೆರಳಲ್ಲಿ ತುಂಬಾ ಮೆಲ್ಲಗೆ ಒತ್ತಿ. ಎದುರಿನ ಗೋಡೆ ಜಾರಿದಂತೆ ಕಾಣುತ್ತದೆ. ಈ ಸಲ ಕಣ್ಣನ್ನು ಸರಿಸಿದ್ದು ಬೆರಳು. ಮಿದುಳು ಅಪ್ಪಣೆ ಕೊಟ್ಟಿಲ್ಲ, ಹಾಗಾಗಿ ನಕಲೂ ಇಲ್ಲ. ಕಣ್ಣಿಗೆ ಆಪರೇಷನ್ ಆದವರು ಮಾತ್ರ ಇದನ್ನು ಮಾಡಲೇಬೇಡಿ.

ನಮ್ಮ ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತದೆ. ಜಿಗಿಯುವಾಗ ನೋಟ ಸ್ವಲ್ಪ ಮಂದವಾಗುತ್ತದೆ. ಹಿಂದೆ ಮುಂದೆ ಬರುವ ಸ್ಪಷ್ಟ ಚಿತ್ರಗಳೂ ಆ ಮಸುಕನ್ನು ಮುಚ್ಚಿಬಿಡುತ್ತವೆ. ಕನ್ನಡಿಯಲ್ಲಿ ನಿಮ್ಮ ಎಡಗಣ್ಣು, ಆಮೇಲೆ ಬಲಗಣ್ಣು ನೋಡಿಕೊಳ್ಳಿ. ಕಣ್ಣು ಹೊರಳಿದ್ದು ಪಕ್ಕದವರಿಗೆ ಕಾಣುತ್ತದೆ, ನಿಮಗೆ ಕಾಣೋದಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಅಚ್ಚರಿಯಾಗೋದು, ಕಣ್ಣು ಹೊರಡುವ ಮೊದಲೇ ನೋಟ ಬದಲಾಗಿರುತ್ತದೆ ಅನ್ನೋದು. ಮೆಜೆಸ್ಟಿಕ್‌ನಲ್ಲಿ ನಿಂತಿದ್ದೀರಿ, ಓರೆಗಣ್ಣಿಗೆ ಒಂದು ಬಸ್ಸು ಬಿತ್ತು. ಅದರ ಬೋರ್ಡು ಓದಲು ಕಣ್ಣು ಇನ್ನೂ ತಿರುಗಿಲ್ಲ. ಗಮನ ಆಗಲೇ ಅಲ್ಲಿಗೆ ಹೋಗಿ ಕೂತಿದೆ. ಡಾಯ್ಬೆಲ್ ಮತ್ತು ಶ್ನೈಡರ್ ಎಂಬ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಚೆನ್ನಾಗಿ ಕಂಡಿತು. ಕಣ್ಣು ಹೋಗಲಿರುವ ಜಾಗದಲ್ಲಿ ಅರೆಕ್ಷಣ ಮಿಂಚಿ ಮಾಯವಾದ ಅಕ್ಷರವನ್ನು ಜನ ಸರಿಯಾಗಿ ಗುರುತಿಸಿದರು. ಅದರ ಪಕ್ಕದಲ್ಲೇ ಇದ್ದದ್ದನ್ನು ಅಷ್ಟು ಚೆನ್ನಾಗಿ ಗುರುತಿಸಲು ಆಗಲಿಲ್ಲ. ಅದಕ್ಕೂ ಮುಂಚೆ, 1992ರಲ್ಲಿ, ಮಂಗಗಳ ಮಿದುಳಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತ್ತು. ಒಂದೊಂದು ನರಕೋಶಕ್ಕೂ ನೋಡಲು ಇಂತಿಷ್ಟು ಜಾಗ ಅಂತ ಇರುತ್ತದೆ. ಕಣ್ಣು ಜಿಗಿದ ಮೇಲೆ ತಮ್ಮ ಪಾಲಿಗೆ ಬರಲಿರುವ ಜಾಗಕ್ಕೆ ಕೆಲವು ನರಕೋಶಗಳು ಮುಂಚೆಯೇ ಸ್ಪಂದಿಸಲು ಶುರುಮಾಡುತ್ತವೆ!

ಕೈಯದೂ ಇದೇ ಕತೆ. ವಸ್ತುವನ್ನು ಹಿಡಿಯಲು ಹೊರಟವರು, ಸುಮ್ನೆ ಬೆರಳು ತೋರಿಸುವವರಿಗಿಂತ ಚೆನ್ನಾಗಿ ಅದು ಯಾವ ಕಡೆ ವಾಲಿದೆ ಅಂತ ಗುರುತಿಸುತ್ತಾರೆ. ಹಿಡಿಯಬೇಕಾದರೆ ಬೆರಳುಗಳಿಗೆ ಅದು ಗೊತ್ತಿರಲೇಬೇಕು. ಕಣ್ಣು ಮತ್ತು ಕೈಯ ಚಲನೆಗೆ ಮಿದುಳು ಹೇಗೆ ಅಣಿಯಾಗುತ್ತದೆ ಎಂಬ ಸಂಶೋಧನೆ ನಮ್ಮ ಬೆಂಗಳೂರಿನ ಐಐಎಸ್‌ಸಿಯ ನರವಿಜ್ಞಾನ ಕೇಂದ್ರದಲ್ಲೂ ನಡೆದಿದೆ.