ಹಾಸಿನೊಳಗೆ ಉಳಿದ ಗಂಟು

ನಮ್ಮ ಸೋದರಮಾವನ ಹಲ್ಲು ಅಲ್ಲಾಡುತ್ತಿತ್ತು. ಕೆಳದವಡೆಯದು, ಬಲಗಡೆ. ಸಂತೆಗೆ ಹೋದವರು ಹಾಗೇ ಒಂದು ಹಲ್ಲಿನ ದವಾಖಾನೆಗೆ ಹೊಕ್ಕು ಕೀಳಿಸಿಕೊಂಡು ಬಂದರು. ಹತ್ತು ನಿಮಿಷದ ಕೆಲಸ. ಎಂಟು ವರ್ಷದ ಹಿಂದೆ ಅದೇ ಮಗ್ಗುಲಿಗೆ ಬಾಯಿ ಕ್ಯಾನ್ಸರಿಗೆಂದು ರೇಡಿಯೇಶನ್ ಆಗಿತ್ತು. ಅದನ್ನು ಮಾವ ಹೇಳಲಿಲ್ಲ, ಡಾಕ್ಟರೂ ಕೇಳಲಿಲ್ಲ. ಮೂರು ತಿಂಗಳಾದರೂ ಗಾಯ ಮಾಯಲಿಲ್ಲ. ಒಂದಿನ ಒಸಡಿನ ನಡುವೆ ಹಳದಿ ಬಣ್ಣದ್ದೇನೋ ಕಂಡಿತು. ಜೋಳದ ನುಚ್ಚು ಸಿಕ್ಕಿಕೊಂಡಿದೆ ಅಂದುಕೊಂಡೆವು. ಅದು ಎಲುಬು.

"ಕರೆಂಟ್ ಕೊಡಿಸಿ ಎಂಟ ವರ್ಷ ಆತಲ್ಲೋ. ಅದೆಲ್ಲಾ ಯಾವಾಗೋ ಹೊಳಿಗೆ ಹೋತು" ಅಂತ ಮಾವ ಈಗಲೂ ವಾದ ಹಾಕುತ್ತಾರೆ.

ಅರ್ಧ ತಪ್ಪು ಆ ಹೆಸರಿನದೇ ಅನ್ನಿಸುತ್ತದೆ ನನಗೆ. ನಮ್ಮ ಬಾಗಲಕೋಟೆ ಕಡೆ ರೇಡಿಯೇಶನ್ ಅಂದರೆ 'ಕರೆಂಟ್'. ಬೆಳಗಾವಿ ಕಡೆ ಮರಾಠಿ ಬಲ್ಲವರ ಬಾಯಲ್ಲಿ 'ಶೇಕ'. ಕರೆಂಟ್ ಅಂದರೆ ಬಟನ್ ಆರಿಸಿದ ಮೇಲೆ ಮುಗಿಯಿತು. ಶೇಕ ಅಂದರೆ ಉಷ್ಣ, ತಂಪು ತಿಂದರೆ ಇಳಿಯಿತು. ಎರಡೂ ಹೆಸರು ದಾರಿ ತಪ್ಪಿಸುತ್ತವೆ. ಇದರ ಜೊತೆಗೆ ಮಾವನ ತಟ್ಟೆ, ಲೋಟ ಬೇರೆ ಇಟ್ಟವರೂ ಇದ್ದರು. ಮೊಮ್ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಹೊರಗಿನ ಯಂತ್ರದಿಂದ ಬರುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬಂದವರನ್ನು ಮುಟ್ಟಲು ಹೆದರುತ್ತೀರಾ? ಥೈರಾಯ್ಡ್ ಕ್ಯಾನ್ಸರಿಗೆ ಕಿರಣ ಸೂಸುವ ಅಯೋಡಿನ್-131 ಕುಡಿಸಿದರೆ ಕೆಲವು ದಿನ ಎಚ್ಚರ ಬೇಕು, ಅದು ಬೇರೆ ಮಾತು.

ಉಷ್ಣದ ಲೆಕ್ಕ ಮಾಡಿಯೇ ಬಿಡೋಣ. ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವನಿಗೆ ಇದನ್ನು ಬಿಡಲು ಆಗುವುದಿಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ ಕೊಡುತ್ತಾರೆ. ವಾರಕ್ಕೆ ಐದು ದಿನ, ಆರೇಳು ವಾರ. ಒಂದು ಗ್ರೇ ಅಂದರೆ ಒಂದು ಕಿಲೋ ಮಾಂಸಕ್ಕೆ ಒಂದು ಜೂಲ್ ಶಕ್ತಿ. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4200 ಜೂಲ್ ಬೇಕು. ಮೈಯೂ ಬಹುಪಾಲು ನೀರೇ ಅಲ್ವಾ? ಭಾಗಿಸಿ ನೋಡಿ. 35 ದಿನದ 70 ಗ್ರೇಯನ್ನು ಒಂದೇ ಸಲ ಸುರಿದರೂ ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು. ಒಂದು ಗುಟುಕು ಚಹಾ ಬಾಯನ್ನು ಇದಕ್ಕಿಂತ ಜಾಸ್ತಿ ಬಿಸಿ ಮಾಡುತ್ತದೆ.

ಹಾಗಾದರೆ ಇಷ್ಟು ಸಣ್ಣ ಶಕ್ತಿ ಹಾನಿ ಮಾಡುವುದು ಹೇಗೆ? ಹಂಚುವ ರೀತಿಯಿಂದ. ಅದೇ ನೀರು ಸೋನೆ ಮಳೆಯಾಗಿ ಬಿದ್ದರೆ ಒಂದು ಕಥೆ. ಆಲಿಕಲ್ಲಾಗಿ ಬಿದ್ದರೆ ಏನಾಗುತ್ತದೆ ಅಂತ ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನು ಕೇಳಿ. ಶಾಖ ಎಲ್ಲಾ ಅಣುಗಳಿಗೂ ಚೂರುಚೂರು ಹಂಚುತ್ತದೆ. ರೇಡಿಯೇಶನ್ನಿನಲ್ಲಿ ಬಿಡುವ ಎಕ್ಸ್‌ರೇ ಅಲ್ಲೊಂದು ಇಲ್ಲೊಂದು ಅಣುವಿಗೆ ಪೂರ್ತಿ ಏಟು ಕೊಡುತ್ತದೆ. ಜೀವಕೋಶದ ನೀರು ಒಡೆದು ಹೈಡ್ರಾಕ್ಸಿಲ್ ಅನ್ನೋ ಹಸಿದ ಚೂರು ಹುಟ್ಟುತ್ತದೆ. ಅದು ಪಕ್ಕದ ಡಿಎನ್‌ಎಯನ್ನು ಕಚ್ಚುತ್ತದೆ.

ಇನ್ನು ಇಳಕಲ್ಲಿನ ಮಗ್ಗಕ್ಕೆ ಬನ್ನಿ. ಡಿಎನ್‌ಎ ಜೋಡಿ ಎಳೆಯ ನೂಲು. ಒಂದು ಎಳೆ ಕಡಿದರೆ ಪಕ್ಕದ ಎಳೆ ನೋಡಿಕೊಂಡು ಗಂಟು ಹಾಕಬಹುದು. ಒಂದು ಗ್ರೇ ಬಿದ್ದರೆ ಪ್ರತಿ ಜೀವಕೋಶದಲ್ಲಿ ಇಂಥ ಒಂಟಿ ಎಳೆಯ ಕಡಿತ ಸುಮಾರು ಸಾವಿರ. ಅವನ್ನು ಕೋಶ ಲೆಕ್ಕಕ್ಕೇ ಇಡುವುದಿಲ್ಲ. ಎರಡೂ ಎಳೆ ಒಂದೇ ಕಡೆ ಕಡಿಯುವುದು ಸುಮಾರು ನಲವತ್ತು. ಕಷ್ಟ ಇರೋದು ಇಲ್ಲಿ. ಯಾವ ತುದಿ ಯಾವುದಕ್ಕೆ ಸೇರಬೇಕು ಅನ್ನೋದೇ ತಿಳಿಯದೆ ಕೆಲವು ಕಡೆ ತಪ್ಪು ಗಂಟು ಬೀಳುತ್ತದೆ.

ಈಗ ನನಗೆ ಬಹಳ ಇಷ್ಟವಾದ ಮಾತು. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದ ನೂಲಿನಲ್ಲಿ, ತಪ್ಪು ಗಂಟು ಬಿದ್ದರೆ ಆವತ್ತೇ ಕಾಣುವುದಿಲ್ಲ. ಅದು ಸುತ್ತಿಟ್ಟ ನೂಲಿನೊಳಗೆ ಸುಮ್ನೆ ಕೂತಿರುತ್ತದೆ. ನೇಯುತ್ತಾ ನೇಯುತ್ತಾ ಲಾಳಿ ಆ ಜಾಗಕ್ಕೆ ಬಂದಾಗ ಸೀರೆ ಹರಿಯುತ್ತದೆ. ಜೀವಕೋಶಕ್ಕೆ ಲಾಳಿ ಅಂದರೆ ವಿಭಜನೆ. ಒಡೆದು ಎರಡಾಗಲು ಹೊರಟಾಗಲೇ ಬಹುಪಾಲು ಕೋಶ ಸಾಯುವುದು. ಹಾಗಾಗಿ ಬೇಗ ಬೇಗ ನೇಯುವ ಅಂಗಾಂಶದಲ್ಲಿ ತಪ್ಪು ಬೇಗ ಕಾಣುತ್ತದೆ. ಬಾಯೊಳಗಿನ ಪೊರೆ ಎರಡು ಮೂರು ವಾರಕ್ಕೇ ಹುಣ್ಣಾಗುತ್ತದೆ, ಚಿಕಿತ್ಸೆ ಮುಗಿದ ಕೆಲವು ವಾರಕ್ಕೆ ಮಾಯುತ್ತದೆ. ಜನ ಇದನ್ನೇ ಸೈಡ್ ಎಫೆಕ್ಟ್ ಅನ್ನುತ್ತಾರೆ, ಮಾಯಿತು ಅಂತ ಕಾಯಿ ಒಡೆಸುತ್ತಾರೆ. ಆದರೆ ಸಣ್ಣ ರಕ್ತನಾಳದ ಒಳಗೋಡೆ, ಎಲುಬಿನ ಕೋಶ, ಸ್ನಾಯುವಿನ ನಡುವಿನ ನಾರು, ಇವೆಲ್ಲಾ ವರ್ಷಕ್ಕೆ ಒಂದು ಮೊಳ ನೇಯುವ ನೇಕಾರರು. ಅವರ ಹಾಸಿನ ಗಂಟಿಗೆ ಲಾಳಿ ತಲುಪುವುದು ಯಾವಾಗಲೋ.

ಈ ಕಾಯ್ದೆಗೆ ಒಗ್ಗದ ಒಂದು ಅಂಗ ಇದೆ, ಜೊಲ್ಲಿನ ಗ್ರಂಥಿ. ಅದೂ ನಿಧಾನಿಯೇ. ಆದರೂ ಮೊದಲ ವಾರಕ್ಕೇ ಒಣಗತೊಡಗುತ್ತದೆ, ಎಷ್ಟೋ ಜನರಿಗೆ ಪೂರ್ತಿ ವಾಪಸ್ ಬರುವುದೂ ಇಲ್ಲ. ಕಟಕ್ ರೊಟ್ಟಿ ತಿನ್ನುವ ಸೀಮೆಯಲ್ಲಿ ಇದು ಸಣ್ಣ ಕಷ್ಟ ಅಲ್ಲ. ಒಣ ರೊಟ್ಟಿ, ಶೇಂಗಾ ಚಟ್ನಿ ಗಂಟಲಲ್ಲಿ ಇಳಿಯುವುದೇ ಜೊಲ್ಲಿನಿಂದ. ಮಾವ ಎಂಟು ವರ್ಷದಿಂದ ನುಚ್ಚು ಮಜ್ಜಿಗೆಯ ಮನುಷ್ಯ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ಹುಳುಕಾದ ಹಲ್ಲು ಕೀಳಿಸಬೇಕಾಗುತ್ತದೆ. ಕಥೆ ಎಲ್ಲಿಗೆ ಹೋಗುತ್ತಿದೆ ನೋಡಿ.

ತಡವಾಗಿ ಕಾಣುವುದು ಹೊಸ ಸುದ್ದಿಯೇನಲ್ಲ. 1901ರಲ್ಲಿ ಫ್ರಾನ್ಸಿನ ವಿಜ್ಞಾನಿ ಹೆನ್ರಿ ಬೆಕೆರೆಲ್ ಕಿರಣ ಸೂಸುವ ರೇಡಿಯಂ ಇದ್ದ ಗಾಜಿನ ನಳಿಗೆಯನ್ನು ಜೇಬಿನಲ್ಲಿಟ್ಟು ಓಡಾಡಿದರು. ಆವತ್ತು ಏನೂ ಆಗಲಿಲ್ಲ. ಕೆಲವು ದಿನ ಬಿಟ್ಟು ಚರ್ಮ ಕೆಂಪಾಗಿ ಹುಣ್ಣಾಯಿತು. ಆಮೇಲೆ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲಿ ಕ್ಲಾಡಿಯಸ್ ರೆಗೋ ಅಂತ ಒಬ್ಬರು ಬಂದರು. ಮೇರಿ ಕ್ಯೂರಿಯ ಪಕ್ಕದ ವಿಭಾಗ ಅವರದು. ಅವರು ಹಿಡಿದದ್ದು ಟಗರನ್ನು. ಅಮೀನಗಡದ ಕುರಿ ಸಂತೆ ನೋಡಿದವರಿಗೆ ಈ ಪ್ರಯೋಗ ಬೇಗ ಹಿಡಿಸುತ್ತದೆ. ಟಗರಿನ ಬೀಜಕ್ಕೆ ಒಂದೇ ಸಲ ದೊಡ್ಡ ಪ್ರಮಾಣದಲ್ಲಿ ಕಿರಣ ಬಿಟ್ಟರು. ಮೇಲಿನ ಚರ್ಮ ಕೆಟ್ಟು ಹೋಯಿತು, ಟಗರು ಮಾತ್ರ ಬಂಜೆಯಾಗಲಿಲ್ಲ. ಅದೇ ಕಿರಣವನ್ನು ಪಾಲು ಮಾಡಿ ಹಲವು ದಿನ ಕೊಟ್ಟರು. ಟಗರು ಬಂಜೆಯಾಯಿತು, ಚರ್ಮ ಉಳಿಯಿತು. ಬೀಜದಲ್ಲಿ ಕೋಶಗಳು ಎಡೆಬಿಡದೆ ಹುಟ್ಟುತ್ತಿರುತ್ತವೆ, ಕ್ಯಾನ್ಸರ್ ಗಡ್ಡೆಯ ಹಾಗೆ. 1920ರ ದಶಕದ ಆ ಟಗರಿನಿಂದಲೇ ಇವತ್ತು ರೋಗಿಗಳು 35 ದಿನ ಆಸ್ಪತ್ರೆಗೆ ಅಲೆಯುತ್ತಾರೆ.

ಪಾಲು ಮಾಡುವುದರ ಗುಟ್ಟು ಗಂಟು ಹಾಕುವ ಪುರುಸೊತ್ತಿನಲ್ಲಿದೆ. ಸಂಜೆ ಹತ್ತು ಎಳೆ ಕಡಿದರೆ ನೇಕಾರ ರಾತ್ರಿ ಕೂತು ಸರಿಮಾಡುತ್ತಾನೆ. ಒಮ್ಮೆಲೇ ಐನೂರು ಕಡಿದರೆ ತಲೆ ಮೇಲೆ ಕೈ. ನಿಧಾನ ನೇಯುವವನಿಗೆ ಈ ಪುರುಸೊತ್ತಿನಿಂದ ಲಾಭ ಜಾಸ್ತಿ. ಅವಸರದ ಕ್ಯಾನ್ಸರ್ ಕೋಶ ಗಂಟು ನೋಡದೆಯೇ ಲಾಳಿ ಹೊಡೆಯುತ್ತದೆ. ವೈದ್ಯರು ಬಳಸುವ ಸೂತ್ರದಲ್ಲಿ ಲೆಕ್ಕ ಹಾಕಿದರೆ ಇದು ಕಣ್ಣಿಗೆ ಕಾಣುತ್ತದೆ. ಕ್ಯಾನ್ಸರಿಗೆ ಅಷ್ಟೇ ಏಟು ಬೀಳುವಂತೆ ಒಂದು ಸಲದ ಪಾಲು 2ರ ಬದಲು 10 ಗ್ರೇ ಮಾಡಿ ಕೊಟ್ಟರೆ, ಆರೋಗ್ಯವಂತ ನಿಧಾನಿ ಅಂಗಾಂಶಕ್ಕೆ ಬೀಳುವ ಹೊರೆ ಸುಮಾರು ಒಂದೂವರೆ ಪಟ್ಟು.

ಇಷ್ಟೆಲ್ಲಾ ಮಾಡಿದರೂ ಸ್ವಲ್ಪ ಉಳಿಯುತ್ತದೆ. ಉಳಿದದ್ದು ಹೇಗೆ ಬೆಳೆಯುತ್ತದೆ ಅನ್ನೋದಕ್ಕೆ ಮಗ್ಗದ ಹೋಲಿಕೆ ಸಾಲುವುದಿಲ್ಲ. ಘಟಪ್ರಭಾ ಕಾಲುವೆಯ ಕೆಳಗಿನ ಎರಿ ಹೊಲ ನೆನಪು ಮಾಡಿಕೊಳ್ಳಿ. ನೀರು ಬಂದ ಮೊದಲ ವರ್ಷಗಳಲ್ಲಿ ಕಬ್ಬು ಆಳೆತ್ತರ. ನೀರು ಒಳಗೇ ನಿಂತು, ಉಪ್ಪು ಮೇಲೆದ್ದು, ಎಷ್ಟೋ ವರ್ಷದ ಮೇಲೆ ಹೊಲ ಸವಳು. ಅಂಗಾಂಶದಲ್ಲೂ ಹೀಗೇ. ಕಿರಣ ತಾಗಿದ ಸಣ್ಣ ರಕ್ತನಾಳಗಳು ಒಂದೊಂದಾಗಿ ಮುಚ್ಚುತ್ತವೆ. ಆಮ್ಲಜನಕ ಕಡಿಮೆಯಾಗುತ್ತದೆ. ಗಾಯ ಮಾಯಿಸಲು ಕರೆ ಕೊಡುವ ಟಿಜಿಎಫ್-ಬೀಟಾ ಅನ್ನೋ ಪ್ರೋಟೀನ್ ಕೂಗುವುದನ್ನು ನಿಲ್ಲಿಸುವುದೇ ಇಲ್ಲ. ನಾರು ಹುಟ್ಟಿಸುವ ಕೋಶಗಳು ಕೊಲಾಜೆನ್ ಸುರಿಯುತ್ತಲೇ ಇರುತ್ತವೆ. ಮೆತ್ತಗಿದ್ದ ಜಾಗ ಹಗ್ಗದ ಹಾಗೆ ಬಿಗಿಯುತ್ತದೆ. 1983ರಲ್ಲಿ ಅಮೆರಿಕದ ದವಡೆ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ದವಡೆ ಎಲುಬು ಸಾಯುವುದನ್ನು ಹೀಗೆ ವಿವರಿಸಿದರು: ರಕ್ತನಾಳ ಕಡಿಮೆ, ಜೀವಕೋಶ ಕಡಿಮೆ, ಆಮ್ಲಜನಕ ಕಡಿಮೆ. ಕೆಳದವಡೆಗೆ ಮೊದಲೇ ರಕ್ತ ಕಮ್ಮಿ. ಸುಮ್ಮನಿದ್ದಷ್ಟು ದಿನ ಆ ಎಲುಬು ಹೇಗೋ ಬದುಕಿರುತ್ತದೆ. ಹಲ್ಲು ಕಿತ್ತರೆ ಆ ಗುಂಡಿ ತುಂಬಿಸುವ ಶಕ್ತಿ ಅದಕ್ಕಿಲ್ಲ. ಎಂಟು ವರ್ಷ ಕಳೆದರೂ ಈ ಅಪಾಯ ಇಳಿಯುವುದಿಲ್ಲ. ಅದಕ್ಕೇ ಕೀಳಬೇಕಾದ ಹಲ್ಲನ್ನು ರೇಡಿಯೇಶನ್ನಿಗೆ ಎರಡು ಮೂರು ವಾರ ಮೊದಲೇ ಕಿತ್ತು, ಗಾಯ ಮಾಯಲು ಬಿಡುತ್ತಾರೆ.

ಬೇರೆ ಅಂಗಗಳ ಕಥೆಯೂ ಇದೇ. ಕುತ್ತಿಗೆಗೆ ಕಿರಣ ಬಿದ್ದವರ ಥೈರಾಯ್ಡ್ ಎಷ್ಟೋ ವರ್ಷದ ಮೇಲೆ ಸೋಲಬಹುದು. ಸುಸ್ತು, ಮೈಭಾರ ಅಂದರೆ ವಯಸ್ಸು ಅಂತ ಬಿಡುತ್ತಾರೆ. ರಕ್ತದ ಟಿಎಸ್‌ಎಚ್ ಪರೀಕ್ಷೆ ಸಾಕು. ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಹೆಂಗಸರಿಗೆ ವರ್ಷದ ಮೇಲೆ ಮಲದಲ್ಲಿ ರಕ್ತ ಕಾಣಬಹುದು. ಮೂಲವ್ಯಾಧಿ ಅಂತ ನಾಟಿ ಔಷಧಿಗೆ ಹೋದರೆ ಕೆಲಸ ಕೆಟ್ಟಿತು. ಎಡ ಸ್ತನದ ಚಿಕಿತ್ಸೆಯಲ್ಲಿ ಹೃದಯ ಹತ್ತಿರದಲ್ಲೇ ಇರುತ್ತದೆ. ಹೃದಯಕ್ಕೆ ತಾಗುವ ಸರಾಸರಿ ಒಂದೊಂದು ಗ್ರೇಗೂ ಹೃದಯಾಘಾತದಂಥ ದೊಡ್ಡ ತೊಂದರೆಯ ಸಾಧ್ಯತೆ ಮೊದಲಿದ್ದದ್ದಕ್ಕಿಂತ ಶೇಕಡಾ 7.4ರಷ್ಟು ಏರುತ್ತದೆ ಅಂತ 2013ರಲ್ಲಿ ಸ್ವೀಡನ್, ಡೆನ್ಮಾರ್ಕ್ ಹೆಂಗಸರ ಅಧ್ಯಯನ ತೋರಿಸಿತು. ಈಗ ದೀರ್ಘ ಉಸಿರು ಎಳೆದು ಹಿಡಿಯಲು ಹೇಳಿ, ಹೃದಯ ದೂರ ಸರಿದ ಆ ಕ್ಷಣದಲ್ಲಿ ಕಿರಣ ಬಿಡುತ್ತಾರೆ. ಜೊಲ್ಲಿನ ದೊಡ್ಡ ಗ್ರಂಥಿಯಲ್ಲಿ ಒಂದನ್ನಾದರೂ ಸರಾಸರಿ 26 ಗ್ರೇ ಒಳಗಿಡಲು ಕಿರಣದ ಆಕಾರವನ್ನೇ ಕೊರೆಯುತ್ತಾರೆ. ಬಹಳ ವರ್ಷದ ಮೇಲೆ ಕಿರಣದಿಂದಲೇ ಇನ್ನೊಂದು ಕ್ಯಾನ್ಸರ್ ಬರುವ ಸಣ್ಣ ಸಾಧ್ಯತೆಯೂ ಇದೆ, ಮಕ್ಕಳಿಗೆ ಸ್ವಲ್ಪ ಜಾಸ್ತಿ.

ಇದನ್ನೆಲ್ಲಾ ಬರೆದರೆ ಯಾರಾದರೂ "ನೋಡ್ರೀ, ಅದಕ್ಕ ಕರೆಂಟ್ ಬ್ಯಾಡ ಅಂದದ್ದು" ಅನ್ನುತ್ತಾರೆ ಅಂತ ನನಗೆ ಗೊತ್ತು. ನಿಪ್ಪಾಣಿ ತಂಬಾಕಿಗೆ ಸುಣ್ಣ ತಿಕ್ಕಿ ನಲವತ್ತು ವರ್ಷ ದವಡೆಗೆ ಇಟ್ಟುಕೊಳ್ಳುವಾಗ ಯಾರೂ ಸೈಡ್ ಎಫೆಕ್ಟ್ ಕೇಳಲಿಲ್ಲ. ಕಿರಣ ಇಲ್ಲದಿದ್ದರೆ ಮಾವ ವಾದ ಹಾಕಲು ಎಂಟು ವರ್ಷ ಇರುತ್ತಿದ್ದರೇ ಅನ್ನೋದು ನನ್ನ ಅನುಮಾನ.

ಸತ್ತ ಎಲುಬಿನ ಚೂರು ತೆಗೆಸಿದ್ದಾಯಿತು. ಗಾಯ ಮುಚ್ಚಲು ವರ್ಷವೇ ಹಿಡಿಯಿತು. ದವಡೆಯ ಸ್ನಾಯು ಬಿಗಿದು ಬಾಯಿ ಎರಡು ಬೆರಳು ಸಹ ತೆರೆಯುತ್ತಿರಲಿಲ್ಲ. ಈಗ ದಿನಾ ಐಸ್‌ಕ್ರೀಮ್ ಕಡ್ಡಿ ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ತೂರಿಸಿ ವ್ಯಾಯಾಮ ಮಾಡುತ್ತಾರೆ. ಮೊನ್ನೆ ಹದಿನೈದನೆಯದು ಹೋಯಿತು ಅಂತ ಫೋನ್ ಮಾಡಿದ್ದರು. ಕರೆಂಟು ಹೊಳಿಗೆ ಹೋಗಿದೆ ಅನ್ನೋ ವಾದ ಮಾತ್ರ ಬಿಟ್ಟಿಲ್ಲ. ನಾನು ಅವರ ಜೊತೆ ಕ್ಷೌರದಂಗಡಿಗೆ ಹೋಗಿದ್ದೆ. ಹಜಾಮ ಎಡಗೆನ್ನೆಗೆ ನೊರೆ ಹಚ್ಚಿ ಬೋಳಿಸಿದ, ಬಲಗೆನ್ನೆ ಬಿಟ್ಟ. ಎಂಟು ವರ್ಷದಿಂದ ಅಲ್ಲಿ ಗಡ್ಡ ಬಂದೇ ಇಲ್ಲವಂತೆ.