ಮಡೈರಾ ವೈನ್: ಬಾಟಲಿಯ ಮೇಲಿನ ಹೆಸರೊಂದು, ಒಳಗಿನ ದ್ರಾಕ್ಷಿ ಇನ್ನೊಂದು

ಮಳೆ ಹಿಡಿಯುವ ಹೊತ್ತಿಗೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಮಹಾಳಿಗೆ (ಎಳೆ ಕಾಯಿ ಕೊಳೆತು ಉದುರುವ ರೋಗಕ್ಕೆ) ಬಿಡುವ ಮದ್ದಿಗೆ ಬೋರ್ಡೋ ಎಂಬ ಹೆಸರು ಬಂದದ್ದು ಫ್ರಾನ್ಸಿನ ದ್ರಾಕ್ಷಿ ಸೀಮೆಯಿಂದ. ಆ ಮದ್ದು ಹುಟ್ಟಲು ಕಾರಣವಾದ ರೋಗಗಳ ಸಾಲೇ ಅಟ್ಲಾಂಟಿಕ್ ಸಾಗರದ ಮಡೈರಾ ದ್ವೀಪದ ವೈನನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಗೋಜಲಾಗಿಸಿತು. ಲೇಬಲ್ಲಿನಲ್ಲಿ ಮಾಲ್ವಸಿಯಾ ಎಂದಿದ್ದ ಬಾಟಲಿಯಲ್ಲಿ ಬೇರೆ ದ್ರಾಕ್ಷಿ ಯಾಕಿತ್ತು? ದ್ವೀಪದ ಮುಖ್ಯ ತಳಿಯ ಹೆಸರು 2015ರವರೆಗೆ ಯಾಕೆ ಮರೆಯಲ್ಲಿತ್ತು? ಆ ಸಾಲನ್ನು ಹಿಡಿದು ಹೋದರೆ ಉತ್ತರ ಸಿಗುತ್ತದೆ.

ಹೆಸರು ಕೇಳಿದೊಡನೆ ಮದಿರೆ ನೆನಪಾಗುತ್ತದೆ, ಆದರೆ ನಂಟಿಲ್ಲ. ಪೋರ್ಚುಗೀಸಿನಲ್ಲಿ ಮಡೈರಾ ಎಂದರೆ ಮರಮುಟ್ಟು. 1420ರ ಸುಮಾರಿಗೆ ಪೋರ್ಚುಗೀಸರು ಇಲ್ಲಿ ನೆಲೆಯೂರಿದರು. ಮೊದಲು ಕಬ್ಬು, ಬ್ರೆಜಿಲಿನ ಸಕ್ಕರೆ ಅಗ್ಗವಾದ ಮೇಲೆ ದ್ರಾಕ್ಷಿ. ಕಾಸರಗೋಡು ಜಿಲ್ಲೆಯ ಅರ್ಧಕ್ಕೂ ಕಡಿಮೆ ನೆಲ, ಅದೂ ಕಡಿದಾದ ಗುಡ್ಡ. ನಾವು ಸುರಂಗ ಕೊರೆದು ಗುಡ್ಡದ ನೀರನ್ನು ತೋಟಕ್ಕೆ ಇಳಿಸಿಕೊಂಡರೆ, ಅವರು ಲೆವಾಡಾ ಎಂಬ ಕಾಲುವೆಗಳನ್ನು ಗುಡ್ಡದ ಮೈಮೇಲೆ ಸುತ್ತಿಸಿದರು. ಬಳ್ಳಿಯನ್ನು ಬಸಳೆಯ ಹಾಗೆ ಚಪ್ಪರಕ್ಕೆ ಹಬ್ಬಿಸುತ್ತಾರೆ. ಗೊನೆ ನೆಲದ ತೇವದಿಂದ ದೂರ ಉಳಿಯುತ್ತದೆ, ಅಡಿಯಲ್ಲಿ ತರಕಾರಿಯನ್ನೂ ಬೆಳೆಯಬಹುದು. ಆದರೆ ಇಲ್ಲಿ ಯಂತ್ರ ನುಗ್ಗುವಂತಿಲ್ಲ, ಕೊಯ್ಲೆಲ್ಲ ಬೆನ್ನು ಬಾಗಿಸಿ ಕೈಯಿಂದಲೇ.

ಈ ವೈನಿನ ವಿಶೇಷ ಬಿಸಿ. ಭಾರತಕ್ಕೆ ಹೋಗಿ ಮರಳಿದ ಹಡಗುಗಳ ಪೀಪಾಯಿಗಳಲ್ಲಿ ಉಳಿದ ವೈನ್ ಹೆಚ್ಚು ರುಚಿಯಾಗಿದ್ದುದನ್ನು ಕಂಡು, ಹಡಗಿನಲ್ಲಿ ಅದಕ್ಕೆ ತಾಗಿದ ಕಾವನ್ನೇ ದ್ವೀಪದಲ್ಲಿ ಮಾಡಿಕೊಂಡರು. ಹುದುಗು ಬರುವಾಗ ನಡುವೆ 96% ದ್ರಾಕ್ಷಿ ಸ್ಪಿರಿಟ್ ಸುರಿದರೆ ಹುದುಗು ನಿಂತು ಸಿಹಿ ಉಳಿಯುತ್ತದೆ; ಬೇಗ ಸುರಿದಷ್ಟೂ ಸಿಹಿ ಜಾಸ್ತಿ. ಬಳಿಕ ಸಾಮಾನ್ಯ ವೈನನ್ನು ಟ್ಯಾಂಕಿನಲ್ಲಿ 45ರಿಂದ 50 ಡಿಗ್ರಿಯಲ್ಲಿ ಕನಿಷ್ಠ ಮೂರು ತಿಂಗಳು ಇಡುತ್ತಾರೆ. ಬಿಸಿ ಮಿತಿಮೀರಿದರೆ ಸೀದ ವಾಸನೆ. ಉತ್ತಮ ವೈನ್ ಪೀಪಾಯಿಯಲ್ಲಿ, ಅಟ್ಟದ ಕಾವಿನಲ್ಲೇ ವರ್ಷಗಟ್ಟಲೆ ಮಾಗುತ್ತದೆ.

1850ರ ದಶಕದ ಆರಂಭದಲ್ಲಿ ಅಮೆರಿಕದಿಂದ ಯುರೋಪಿಗೆ ಬಂದಿದ್ದ ಬೂದಿ ರೋಗ ದ್ವೀಪವನ್ನು ಮುಟ್ಟಿತು. ಗಂಧಕದ ಪುಡಿ ಎರಚಿ ಅದನ್ನು ಹಿಡಿತಕ್ಕೆ ತಂದರು. 1872ರಲ್ಲಿ ಬಂದ ಫಿಲಾಕ್ಸೆರಾ ಬೇರೆ ಜಾತಿಯ ಆಪತ್ತು: ಬೇರಿನ ರಸ ಹೀರುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹೇನು. ಯುರೋಪಿನ ಬಳ್ಳಿಯಲ್ಲಿ ಹೇನು ಕಚ್ಚಿದ ಗಾಯ ಕೊಳೆತು ಬೇರೇ ಸಾಯುತ್ತದೆ; ಅಮೆರಿಕದ ಬಳ್ಳಿ ಗಾಯದ ಸುತ್ತ ತೊಗಟೆ ಕಟ್ಟಿಕೊಂಡು ಬದುಕುತ್ತದೆ. ಸೊರಗು ರೋಗಕ್ಕೆ ಹೆದರಿ ಕರಿಮೆಣಸನ್ನು ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಕಸಿ ಕಟ್ಟುವ ನಮ್ಮವರಿಗೆ ಪರಿಹಾರ ಬಿಡಿಸಿ ಹೇಳಬೇಕಾಗಿಲ್ಲ: ಅಮೆರಿಕದ ಬುಡಕ್ಕೆ ಯುರೋಪಿನ ಬಳ್ಳಿಯ ಕಸಿ.

ಆ ಅಮೆರಿಕದ ಬಳ್ಳಿಗಳ ಜತೆಗೆ ಬೂಜು ರೋಗವೂ ಯುರೋಪಿಗೆ ಇಳಿಯಿತು. ಅದಕ್ಕೆ 1885ರಲ್ಲಿ ಸಿಕ್ಕ ಮೈಲುತುತ್ತು-ಸುಣ್ಣದ ಮದ್ದೇ ಬೋರ್ಡೋ. ಬೂಜು ರೋಗದ ಜೀವಿಯೂ ಮಹಾಳಿಯ ಜೀವಿಯೂ ದೂರದ ನೆಂಟರು, ಆದ್ದರಿಂದಲೇ ಒಂದೇ ಮದ್ದು ಎರಡಕ್ಕೂ ನಾಟುತ್ತದೆ. 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ ಅದನ್ನು ಅಡಿಕೆಗೆ ತಂದರು.

ಮಡೈರಾದಲ್ಲಿ ಬಹಳ ಮಂದಿ ಕಸಿಯ ಖರ್ಚಿಗೂ ಮದ್ದಿನ ಖರ್ಚಿಗೂ ಹೆದರಿ ಅಮೆರಿಕದ ತಳಿಗಳನ್ನು, ಅವುಗಳ ಮಿಶ್ರತಳಿಗಳನ್ನು ನೇರವಾಗಿ ನೆಟ್ಟರು. ಅವುಗಳಲ್ಲಿ ಒಂದು ಇಸಬೆಲ್ಲಾ, ನಮಗೆ ಪರಿಚಯದ ಬೆಂಗಳೂರು ಬ್ಲೂ ದ್ರಾಕ್ಷಿಯ ವಂಶದ್ದೇ. ರೋಗ ಕಡಿಮೆ, ಫಸಲು ಜಾಸ್ತಿ. ಆದರೆ ಬೆಂಗಳೂರು ಬ್ಲೂ ರಸದಲ್ಲಿರುವ ಆ ಗಾಢ ವಾಸನೆ ವೈನಿಗೂ ಬರುತ್ತದೆ, ಎಷ್ಟು ಕಾಯಿಸಿದರೂ ಹೋಗದು. ಬಡ ರೈತನಿಗೆ ಆಗ ಬೇರೆ ದಾರಿ ಇರಲಿಲ್ಲ. ದಾರಿ ಇದ್ದದ್ದು ಲೇಬಲ್ಲಿಗೆ: ಅದರಲ್ಲಿ ಸೆರ್ಸಿಯಲ್, ವೆರ್ಡೆಲ್ಯೊ, ಬೊವಾಲ್, ಮಾಲ್ವಸಿಯಾ ಎಂಬ ಯುರೋಪಿನ ತಳಿಗಳ ಹಳೆಯ ಹೆಸರುಗಳೇ ಮುಂದುವರಿದವು.

1986ರಲ್ಲಿ ಪೋರ್ಚುಗಲ್ ಯುರೋಪಿನ ಆರ್ಥಿಕ ಸಮುದಾಯ ಸೇರಿದ ಮೇಲೆ ಬಿಗಿ ಬಂತು. ತಳಿಯ ಹೆಸರು ಹಾಕಬೇಕಾದರೆ 85% ಅದೇ ಹಣ್ಣಿರಬೇಕು. ಮಿಶ್ರತಳಿಗೆ ಮಡೈರಾ ವೈನಿನಲ್ಲಿ ಜಾಗವಿಲ್ಲ. ನ್ಯಾಯವೇ. ಆದರೆ ಕೊಯ್ಲಿನ ಬಹುಪಾಲು ಟಿಂಟಾ ನೆಗ್ರಾ ಎಂಬ ತಳಿ, ಅಪ್ಪಟ ಯುರೋಪಿನ ಬಳ್ಳಿ. ಅದರ ಬಾಟಲಿಗಳಿಗೆ ಒಣ, ಸಿಹಿ ಎಂಬ ಗುರುತು ಸಿಕ್ಕಿತೇ ಹೊರತು ಹೆಸರಿಲ್ಲ. ದ್ವೀಪವನ್ನು ಸಾಕಿದ ತಳಿಗೆ ತನ್ನ ಹೆಸರಿನಲ್ಲಿ ಕಾಣಿಸಿಕೊಳ್ಳಲು 2015ರವರೆಗೆ ಕಾಯಬೇಕಾಯಿತು.

ಮನೆಯ ಮಗ್ಗುಲಿನ ಚಪ್ಪರಗಳಲ್ಲಿ ಅಮೆರಿಕದ ಬಳ್ಳಿಗಳು ಈಗಲೂ ಇವೆ. ಅವುಗಳ ವೈನ್ ಮನೆಯವರಿಗೆ, ನೆಂಟರಿಗೆ. ಮಡೈರಾ ಎಂಬ ಹೆಸರಿನಲ್ಲಿ ಅದನ್ನು ಮಾರುವಂತಿಲ್ಲ.