ಹಳೆಯ ನೇಗಿಲು ಲಂಗರು ಬದಲಿಸಬೇಕಾ? ಯಾವುದು ತಗೊಳ್ಳಲಿ?

ಪ್ರಶ್ನೆ: ನಾವು ಆಕ್ಲೆಂಡ್‌ನಲ್ಲಿದ್ದೇವೆ. ಈಚೆಗೆ 36 ಅಡಿಯ ಹಳೆಯ ಹಾಯಿದೋಣಿ ಕೊಂಡೆವು. ಅದರ ಜೊತೆ 16 ಕೆಜಿಯ ಸಿಕ್ಯೂಆರ್ ಅನ್ನುವ ನೇಗಿಲು ಲಂಗರು ಬಂತು. ಮರೀನಾದಲ್ಲಿ ಒಬ್ಬರು "ಮೊದಲು ಅದನ್ನು ಬದಲಿಸಿ" ಅನ್ನುತ್ತಾರೆ. ಇನ್ನೊಬ್ಬರು "ಅದನ್ನೇ ನಂಬಿ ವರ್ಷಗಟ್ಟಲೆ ನೆಮ್ಮದಿಯಾಗಿ ಮಲಗಿದ್ದೇನೆ" ಅನ್ನುತ್ತಾರೆ. ದ್ವೀಪಗಳಿಗೆ ಹೋಗಿ ರಾತ್ರಿ ತಂಗುವ ಆಸೆ ನಮಗೆ. ಬದಲಿಸಬೇಕಾ? ಯಾವ ಕಂಪನಿಯದು, ಎಷ್ಟು ತೂಕದ್ದು?

ಉತ್ತರ: ಬದಲಿಸಿ. ನೆಮ್ಮದಿಯಾಗಿ ಮಲಗಿದವರೇನೂ ಸುಳ್ಳು ಹೇಳುತ್ತಿಲ್ಲ, ಆದರೂ ಬದಲಿಸಿ.

ಗಾಳಿ ಒಂದೇ ಕಡೆಯಿಂದ ಬೀಸುತ್ತಿದ್ದು, ತಳ ಚೆನ್ನಾಗಿದ್ದು, ಸರಪಳಿ ಧಾರಾಳವಾಗಿ ಬಿಟ್ಟಿದ್ದರೆ ಹೆಚ್ಚುಕಮ್ಮಿ ಎಲ್ಲ ಲಂಗರೂ ಹಿಡಿಯುತ್ತವೆ. ಫಜೀತಿ ಶುರುವಾಗುವುದು ಗಾಳಿ ತಿರುಗಿದಾಗ. ನಿಮ್ಮ ಹೌರಾಕಿ ಕೊಲ್ಲಿಯಲ್ಲಿ ಅದೇನೂ ಅಪರೂಪವಲ್ಲ. ಸಂಜೆ ವಾಯವ್ಯದ ಗಾಳಿ ಇದೆ ಅಂತ ದ್ವೀಪದ ದಕ್ಷಿಣದ ಮಗ್ಗುಲಲ್ಲಿ ಮರೆ ಹುಡುಕಿ ನಿಲ್ಲುತ್ತೀರಿ. ನಡುರಾತ್ರಿ ಫ್ರಂಟ್ (ಹವೆ ಬದಲಿಸುವ ತಣ್ಣನೆ ಗಾಳಿಯ ಅಂಚು) ಹಾದುಹೋಗುತ್ತದೆ, ಗಾಳಿ ನೈಋತ್ಯಕ್ಕೆ ತಿರುಗಿ ಜೋರಾಗುತ್ತದೆ. ಮರೆ ಕೊಡುತ್ತಿದ್ದ ದಡ ಈಗ ದೋಣಿಯ ಬೆನ್ನ ಹಿಂದೆ. ಸಂಜೆ ಚೆನ್ನಾಗಿ ಊರಿದ್ದ ಲಂಗರಿಗೆ ಈಗ ಬೇರೆ ದಿಕ್ಕಿನ ಎಳೆತ. ಅದು ಕಿತ್ತು ಬಂದರೆ, ಒಂದೆರಡು ಮೀಟರಿನೊಳಗೆ ತಾನಾಗಿಯೇ ಮತ್ತೆ ಕಚ್ಚಿಕೊಳ್ಳುತ್ತದಾ? ಹೊಸ ಲಂಗರಿಗೆ ದುಡ್ಡು ಕೊಡುವುದು ಈ ಒಂದು ಗುಣಕ್ಕೆ.

ಸಿಕ್ಯೂಆರ್ ಕಳಪೆ ಮಾಲೇನಲ್ಲ. 1933ರಲ್ಲಿ ಅದನ್ನು ರೂಪಿಸಿದವರು ಕೇಂಬ್ರಿಡ್ಜ್‌ನ ವಿಜ್ಞಾನಿ ಜಿ. ಐ. ಟೇಲರ್. ದ್ರವಗಳ ಚಲನೆಯ ಅಧ್ಯಯನದಲ್ಲಿ ಬಹಳ ದೊಡ್ಡ ಹೆಸರು, ಸ್ವತಃ ಹಾಯಿದೋಣಿಯ ಹುಚ್ಚಿದ್ದವರು. ನೀರಿನ ಮೇಲಿಳಿಯುವ ವಿಮಾನಗಳಿಗೆ ತೂಕ ಕಮ್ಮಿ, ಹಿಡಿತ ಜಾಸ್ತಿ ಇರುವ ಲಂಗರು ಬೇಕಿದ್ದ ಕಾಲ ಅದು. ನಿಮ್ಮದನ್ನು ಕೈಯಲ್ಲಿ ಹಿಡಿದು ನೋಡಿ: ಉದ್ದದ ದಂಡ, ತುದಿಯಲ್ಲಿ ನೇಗಿಲಿನ ಗುಳ, ಎರಡರ ನಡುವೆ ಒಂದು ಕೀಲು. ದೋಣಿ ಸ್ವಲ್ಪ ಅತ್ತಿತ್ತ ಆದರೆ ದಂಡ ಮಾತ್ರ ತಿರುಗಲಿ, ಗುಳ ಮಣ್ಣಲ್ಲೇ ಇರಲಿ ಅನ್ನುವ ಲೆಕ್ಕ. ಹಳೆಯ ಲಂಗರಾದರೆ ಈ ಕೀಲು ಸವೆದು ಲಟಲಟ ಅನ್ನುತ್ತಿರುತ್ತದೆ, ಅದನ್ನೂ ಅಲ್ಲಾಡಿಸಿ ನೋಡಿ.

ಒಮ್ಮೆ ಕಿತ್ತು ಬಂದರೆ ಮಾತ್ರ ಕಷ್ಟ. ಗುಳ ಮಗ್ಗುಲಾಗಿ ಬೀಳುತ್ತದೆ. ಗಟ್ಟಿ ಮರಳಾದರೆ, ತಳದಲ್ಲಿ ಪಾಚಿ-ಹುಲ್ಲಿದ್ದರೆ, ತುದಿ ಒಳಗಿಳಿಯುವ ಮೊದಲು ಸಾಕಷ್ಟು ದೂರ ಜಾರುತ್ತದೆ. ಊರಿದ ಮೇಲೂ ಎಳೆತ ಮಿತಿ ಮೀರಿದರೆ ಮಣ್ಣನ್ನು ಎರಡು ಬದಿಗೆ ತಳ್ಳುತ್ತಾ ಸಾಲು ಹೊಡೆಯುತ್ತದೆ. ಹೊಲದಲ್ಲಿ ನೇಗಿಲು ಮಾಡಬೇಕಾದ ಕೆಲಸ ಅದೇ ಅಲ್ವಾ? ಹೊಸ ತಲೆಮಾರಿನ ಲಂಗರುಗಳ ಗುಳ ಸಲಿಕೆಯಂತೆ ಒಳಬಾಗಿರುತ್ತದೆ, ಮಣ್ಣನ್ನು ಬದಿಗೆ ಸರಿಸದೆ ಮುಂದೆಯೇ ಒತ್ತಿ ಹಿಡಿಯುತ್ತದೆ. ಎಳೆದಷ್ಟೂ ಆಳಕ್ಕೆ ಇಳಿಯುತ್ತದೆ.

1990ರ ದಶಕದಲ್ಲಿ ಬಂದ ಫ್ರಾನ್ಸ್‌ನ ಸ್ಪೇಡ್ ಈ ಬಗೆಯದು. ಅದರ ತುದಿಯಲ್ಲಿ ಸೀಸ ತುಂಬಿರುತ್ತದೆ, ಭಾರಕ್ಕೆ ಮೂಗು ಕೆಳಗಾಗುತ್ತದೆ. ರೋಕ್ನಾ, ಮ್ಯಾನ್ಸನ್ ಸುಪ್ರೀಂ ಎರಡೂ ನೀವಿರುವ ನ್ಯೂಜಿಲೆಂಡ್‌ನಲ್ಲೇ ಹುಟ್ಟಿದವು. ಇವುಗಳ ಬೆನ್ನಿಗೆ ರೋಲ್ ಬಾರ್ ಅನ್ನುವ ಕಮಾನು ಇರುತ್ತದೆ. ತಲೆಕೆಳಗಾಗಿ ಬಿದ್ದರೂ ಕಮಾನಿನ ಮೇಲೆ ಉರುಳಿ ಸರಿಯಾಗುತ್ತದೆ. ಅಮೆರಿಕದ ಮ್ಯಾಂಟಸ್ ಕೂಡ ಇದೇ ಜಾತಿ, ಬೋಲ್ಟ್ ಬಿಚ್ಚಿ ತುಂಡು ಮಾಡಿಡಬಹುದು. ಕಮಾನಿನಲ್ಲೂ ಒಂದು ತೊಂದರೆ ಇದೆ: ಜಿಗುಟು ಕೆಸರು, ಪಾಚಿ ಅಲ್ಲಿ ಸಿಕ್ಕಿಕೊಂಡರೆ ಮರಳಿ ಊರಲು ಅದೇ ಅಡ್ಡಿ. ಕಮಾನು ಬೇಡವೆಂದರೆ ಸ್ಪೇಡ್ ಇದೆ, ರೋಕ್ನಾದವರದೇ ವಲ್ಕನ್ ಇದೆ.

ಈ ಪೈಕಿ ಯಾವುದು ಬೆಸ್ಟ್ ಅಂತ ರಾತ್ರಿಯೆಲ್ಲಾ ವಿಡಿಯೊ ನೋಡಬೇಡಿ. ಇವುಗಳ ನಡುವಿನ ವ್ಯತ್ಯಾಸಕ್ಕಿಂತ ಇವಕ್ಕೂ ನಿಮ್ಮ ಸಿಕ್ಯೂಆರ್‌ಗೂ ಇರುವ ವ್ಯತ್ಯಾಸ ದೊಡ್ಡದು. ನಿಮ್ಮ ದೋಣಿಯ ಮೂತಿಯಲ್ಲಿ ಯಾವುದು ಸರಿಯಾಗಿ ಕೂರುತ್ತದೋ ಅದನ್ನು ತಗೊಳ್ಳಿ.

ಜನ ಎಡವುವುದು ಇಲ್ಲೇ. ಲಂಗರು ಕೂರುವ, ಸರಪಳಿ ಹಾಯುವ ಮೂತಿಯ ರೋಲರ್ ಹಳೆಯ ಲಂಗರಿನ ಅಳತೆಗೆ ಮಾಡಿದ್ದು. ಹೊಸದರ ದಂಡ ಬೇರೆ ಥರ ಬಾಗಿರುತ್ತದೆ. ಕಮಾನು ಮೇಲಿನ ಕಂಬಿಗೆ ತಾಗಬಹುದು, ಹಾಯಿ ಸುತ್ತುವ ಡ್ರಮ್ಮಿಗೆ ಬಡಿಯಬಹುದು, ಚೂಪು ತುದಿ ಪ್ರತಿ ಸಲ ಮೇಲೆ ಬರುವಾಗ ದೋಣಿಯ ಮೈ ಗೀರಬಹುದು. ಕಂಪನಿಗಳು ಅಳತೆಯ ನಕ್ಷೆ ಕೊಡುತ್ತವೆ. ಅದನ್ನು ದಪ್ಪ ರಟ್ಟಿಗೆ ಅಂಟಿಸಿ, ಕತ್ತರಿಸಿ, ಕಮಾನಿನ ಜಾಗಕ್ಕೆ ಇನ್ನೊಂದು ರಟ್ಟು ಅಡ್ಡ ಸಿಕ್ಕಿಸಿ. ರೋಲರ್ ಮೇಲಿಟ್ಟು ಹಿಂದೆ ಮುಂದೆ ಎಳೆಯಿರಿ, ಕೈ ಬಿಟ್ಟರೆ ತಾನಾಗಿ ಕೆಳಗೆ ಜಾರುತ್ತದಾ ನೋಡಿ. ಅರ್ಧ ಗಂಟೆಯ ಕೆಲಸ. 20 ಕೆಜಿ ಉಕ್ಕನ್ನು ಅಂಗಡಿಗೆ ವಾಪಸ್ ಹೊರುವ ತಾಪತ್ರಯ ತಪ್ಪುತ್ತದೆ.

ಇನ್ನು ತೂಕ. ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ದೋಣಿಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಎಬಿವೈಸಿಯ ಪಟ್ಟಿಯಲ್ಲಿ 35 ಅಡಿ ದೋಣಿಗೆ 30 ನಾಟ್ (ಗಂಟೆಗೆ ಸುಮಾರು 55 ಕಿಮೀ) ಗಾಳಿಯಲ್ಲಿ 900 ಪೌಂಡ್ ಎಳೆತ, ಅಂದರೆ 400 ಕೆಜಿಗೂ ಮೇಲೆ. 42 ನಾಟ್‌ಗೆ ಅದರ ದುಪ್ಪಟ್ಟು. ಕಂಪನಿಗಳ ತೂಕದ ಪಟ್ಟಿ ನೋಡುವಾಗ ಅದು ಎಷ್ಟು ನಾಟ್ ಗಾಳಿಗೆ ಮಾಡಿದ್ದು ಅಂತ ಕೆಳಗಿನ ಸಣ್ಣಕ್ಷರ ಓದಿ, ಎಲ್ಲರದೂ ಒಂದೇ ಲೆಕ್ಕವಲ್ಲ. ನಿಮ್ಮ ದೋಣಿ ಸಾಮಾನು ತುಂಬಿ ಏಳೆಂಟು ಟನ್ ಇರಬಹುದು. ನಾನಾದರೆ 20 ಕೆಜಿಯದು ತಗೊಳ್ಳುತ್ತೇನೆ. ಎರಡು ಅಳತೆಯ ನಡುವೆ ಬಿದ್ದರೆ ದೊಡ್ಡದು. "ಮೂತಿ ಭಾರವಾಗುತ್ತೆ" ಅನ್ನುವವರಿಗೆ ಸರಪಳಿಯ ಲೆಕ್ಕ ಹೇಳಿ: 50 ಮೀಟರ್ ಸರಪಳಿ 8 ಮಿಮೀ ದಪ್ಪದ್ದಾದರೆ ಸುಮಾರು 70 ಕೆಜಿ, 10 ಮಿಮೀ ಆದರೆ 110 ಕೆಜಿ ದಾಟುತ್ತದೆ. ಅದರ ಮುಂದೆ ಲಂಗರಿನ ನಾಲ್ಕೈದು ಕೆಜಿ ಯಾವ ಲೆಕ್ಕ? ಸರಪಳಿಯನ್ನೂ ಬದಲಿಸುವುದಾದರೆ ವಿಂಡ್‌ಲಾಸ್‌ನ (ಲಂಗರು ಎತ್ತುವ ಯಂತ್ರದ) ಹಲ್ಲುಚಕ್ರಕ್ಕೆ ಹೊಂದುವುದನ್ನೇ ತನ್ನಿ. 10 ಮಿಮೀ ಸರಪಳಿಯಲ್ಲೇ ಕೊಂಡಿಯ ಉದ್ದ 28 ಮಿಮೀ, 30 ಮಿಮೀ ಅಂತ ಎರಡು ಬಗೆ ಇದೆ. ತಪ್ಪಿದರೆ ಸರಪಳಿ ಹಾರುತ್ತದೆ.

ಕವಾವ್ ದ್ವೀಪದ ಬಾನ್ ಅಕಾರ್ಡ್ ಕೊಲ್ಲಿಯಂಥ ಕೆಸರಿನ ತಳಕ್ಕೆ ಏನು? ಸಾಮಾನ್ಯ ಕೆಸರಿಗೆ ಮೇಲೆ ಹೇಳಿದವೇ ಸಾಕು. ತೀರಾ ಮೆದು ಕೆಸರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಿಡಿಯುವುದು ಅಗಲ ರೆಕ್ಕೆಯ ಫೋರ್ಟ್ರೆಸ್. ಅಲ್ಯೂಮಿನಿಯಂನದು, ಮರಳಿಗೆ 32 ಡಿಗ್ರಿ, ಕೆಸರಿಗೆ 45 ಡಿಗ್ರಿ ಅಂತ ರೆಕ್ಕೆಯ ಕೋನ ಬದಲಿಸಬಹುದು. ಆದರೆ ಗಾಳಿ ತಿರುಗಿದಾಗ ಕಿತ್ತು ಬಂದು, ಕಲ್ಲೋ ಚಿಪ್ಪೋ ರೆಕ್ಕೆಗೆ ಸಿಕ್ಕಿ ಮತ್ತೆ ಊರದೇ ಹೋಗುವ ಅಪಾಯ ಇದರಲ್ಲಿ ಜಾಸ್ತಿ. ಹಾಗಾಗಿ ಎರಡನೆಯ ಲಂಗರಾಗಿ ಬಿಡಿಭಾಗ ಬಿಚ್ಚಿ ಒಳಗಿಟ್ಟುಕೊಳ್ಳಿ, ಮುಖ್ಯ ಲಂಗರಾಗಿ ಬೇಡ.

ಎಂಥ ಲಂಗರು ತಂದರೂ ಸರಪಳಿ ಕಮ್ಮಿ ಬಿಟ್ಟರೆ ದಂಡ ಮೇಲೆದ್ದು ಲಂಗರು ಕೀಳುತ್ತದೆ. ಆಕ್ಲೆಂಡ್‌ನಲ್ಲಿ ನೀರು ಇಳಿತದಿಂದ ಉಬ್ಬರಕ್ಕೆ ಸುಮಾರು 3 ಮೀಟರ್ ಏರುತ್ತದೆ. ಇಳಿತದಲ್ಲಿ 5 ಮೀಟರ್ ಆಳ ನೋಡಿ, ಆಳದ ಐದು ಪಟ್ಟು ಸರಪಳಿ ಅಂತ 25 ಮೀಟರ್ ಬಿಟ್ಟಿರಿ ಅನ್ನಿ. ಉಬ್ಬರದ 3 ಮೀಟರ್, ನೀರಿನಿಂದ ರೋಲರ್‌ವರೆಗಿನ 1.2 ಮೀಟರ್ ಸೇರಿಸಿದರೆ ಒಟ್ಟು 9.2. ನಡುರಾತ್ರಿ ನೀವು ಮೂರು ಪಟ್ಟಿಗೂ ಕಮ್ಮಿ ಸರಪಳಿಯಲ್ಲಿ ನಿಂತಿರುತ್ತೀರಿ. ಬೇಕಿದ್ದದ್ದು 46 ಮೀಟರ್. ಜೋರು ಗಾಳಿಗೆ ಸರಪಳಿ ಸೆಟೆದು ನೇರವಾದ ಮೇಲೆ ಜಗ್ಗಾಟ ತಡೆಯಲು ಎಂಟು ಹತ್ತು ಮೀಟರ್ ನೈಲಾನ್ ಹಗ್ಗದ ಸ್ನಬ್ಬರ್ ಬೇಕೇ ಬೇಕು. ಲಂಗರನ್ನು ಸರಪಳಿಗೆ ಜೋಡಿಸುವ ಶ್ಯಾಕಲ್ ಮೇಲೆ ಎಷ್ಟು ಭಾರ ತಡೆಯುತ್ತದೆ ಅಂತ ಅಚ್ಚು ಹಾಕಿರುವುದನ್ನೇ ತಗೊಳ್ಳಿ, ಅದರ ಪಿನ್ನಿಗೆ ತಂತಿ ಬಿಗಿಯಿರಿ. ಸ್ವಿವೆಲ್ (ತಿರುಗುವ ಕೊಂಡಿ) ಇಲ್ಲದಿದ್ದರೆ ಏನೂ ನಷ್ಟವಿಲ್ಲ.

ಲಂಗರು ಮೇಲೆ ಬಂದಾಗ ಇನ್ನೊಂದು ಕೆಲಸ ಇದೆ. ಒಳಬಾಗಿದ ಗುಳ ತಳದ ಮಣ್ಣನ್ನು ಬುಟ್ಟಿಗಟ್ಟಲೆ ಹೊತ್ತು ತರುತ್ತದೆ, ಪಾಚಿಯನ್ನೂ ತರುತ್ತದೆ. 2021ರಲ್ಲಿ ಗ್ರೇಟ್ ಬ್ಯಾರಿಯರ್ ದ್ವೀಪದಲ್ಲಿ ಕಾಣಿಸಿಕೊಂಡ ಕಾಲೆರ್ಪಾ ಅನ್ನುವ ಹೊರಗಿನ ಪಾಚಿ ಒಂದು ಚೂರು ಸಿಕ್ಕರೂ ಹೊಸ ಜಾಗದಲ್ಲಿ ಬೇರೂರುತ್ತದೆ. ಅದು ಹಬ್ಬಿದ ಕೆಲವು ಕಡೆ ಲಂಗರು ಹಾಕಲು ಸರ್ಕಾರದ ನಿರ್ಬಂಧಗಳು ಬಂದಿವೆ, ಅವು ಆಗಾಗ ಬದಲಾಗುತ್ತವೆ. ಹೊರಡುವ ಮುಂಚೆ ಸರ್ಕಾರದ ನಕ್ಷೆ ನೋಡಿ. ಮೂತಿಯಲ್ಲಿ ಒಂದು ಬಿರುಸು ಬ್ರಷ್, ಹಗ್ಗ ಕಟ್ಟಿದ ಬಕೆಟ್, ಪಾಚಿ ತುಂಬಲು ಒಂದು ಚೀಲ ಇಟ್ಟುಕೊಳ್ಳಿ. ಲಂಗರನ್ನೂ ಸರಪಳಿಯನ್ನೂ ಅಲ್ಲೇ ನಿಂತು ತೊಳೆದೇ ಮುಂದಿನ ಕೊಲ್ಲಿಗೆ ಹೊರಡಿ.